ಒಂದು ಗುಂಡು ಹೆಚ್ಚಾಗಿತ್ತು

ಬೆಳಗಿನ ಐದು ಗಂಟೆ ನಲವತ್ತೆರಡು ನಿಮಿಷ. ಏರು ಹತ್ತಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಲು ಆಗಷ್ಟೇ ಎಡಗೈ ಎತ್ತಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಎತ್ತಿದ ಕೈಯನ್ನು ಇಳಿಸುವುದರೊಳಗೆ ಎಲ್ಲವೂ ತಲೆಕೆಳಗಾಗಿತ್ತು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇಂಥ ಕಥೆಗಳನ್ನು ನಾನು ಎಂದೂ ನಂಬಿದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ನಿಂಬೆಹಣ್ಣು ಕೊಯ್ದರೆ ರಕ್ತ ಬರುವುದು, ತೆಂಗಿನಕಾಯಿ ತಾನಾಗಿ ಹೊತ್ತಿಕೊಳ್ಳುವುದು, ಇವನ್ನೆಲ್ಲ ಮಕ್ಕಳ ಮುಂದೆ ಮಾಡಿ ತೋರಿಸಿ ಗುಟ್ಟು ಬಿಡಿಸಿದ್ದೇನೆ. ನಮ್ಮ ಊರು ಹೊಂಗನೂರು. ಅಲ್ಲಿ ರೇಷ್ಮೆಹುಳದ ಮನೆಗೆ ಮೈಲಿಗೆಯವರು ಕಾಲಿಟ್ಟರೆ ಹುಳ ಸಾಯುತ್ತವೆ ಎನ್ನುತ್ತಿದ್ದ ಸೋದರತ್ತೆಯ ಜೊತೆ ಹದಿನಾರನೇ ವಯಸ್ಸಿಗೇ ಜಗಳ ಆಡಿದವಳು. ಯಾರಾದರೂ 'ನನಗೊಂದು ವಿಚಿತ್ರ ಅನುಭವ ಆಯ್ತು' ಎಂದು ಶುರು ಮಾಡಿದರೆ, ಅವರು ಮುಗಿಸುವುದರೊಳಗೆ ಕಾರಣ ಹುಡುಕಿ ಇಟ್ಟಿರುತ್ತಿದ್ದೆ. ದೆವ್ವ, ಗಾಳಿ ಎಂಬುದನ್ನು ಈಗಲೂ ನಂಬುವುದಿಲ್ಲ. ನಂಬಿ ಎಂದು ನಿಮಗೂ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಲ್ಕು ವರ್ಷದ ಹಿಂದೆ ನಾನು ದೊಡ್ಡಆಲಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಹತ್ತಿರದ ಹೈಸ್ಕೂಲಿನಲ್ಲಿ ಕೆಲಸ. ಮನೆಯಲ್ಲಿ ನನ್ನ ಜೊತೆಗಿದ್ದವಳು ನಸ್ರೀನ್, ಅದೇ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಚನ್ನಪಟ್ಟಣದವಳು. ಅವಳ ಅಪ್ಪ ಬೊಂಬೆ ಕಡೆಯುವವರು, ಮರ ತಿರುಗಿಸಿ ಅರಗು ಹಿಡಿಸಿ ಕೈಬೆರಳೆಲ್ಲ ಬಣ್ಣವಾಗಿರುತ್ತಿದ್ದ ಮನುಷ್ಯ. ನನಗಿಂತ ಏಳು ವರ್ಷ ಚಿಕ್ಕವಳಾದ ನಸ್ರೀನ್ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಆದರೆ ಓಟದ ವಿಷಯದಲ್ಲಿ ಗುರು ಅವಳೇ.

ನಮ್ಮ ಮನೆಯ ಎದುರಿಗೆ ಬೀರಣ್ಣನ ಮನೆ. ಐವತ್ತು ವರ್ಷ ಬೆಟ್ಟದಲ್ಲಿ ಕುರಿ ಕಾಯ್ದವರು. ಎರಡೂ ಕಿಡ್ನಿ ಕೆಟ್ಟ ಮೇಲೆ ಕುರಿ ಮಾರಿ ಜಗಲಿ ಹಿಡಿದಿದ್ದರು. ವಾರಕ್ಕೆ ಮೂರು ಸಲ ಕನಕಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಹೋಗುವಾಗ ಬಸ್ಸು ಸಿಕ್ಕರೆ ಬರುವಾಗ ಸಿಗದು. ಮಷೀನಿನಿಂದ ಎದ್ದು ಬಂದ ಮನುಷ್ಯ ಬಸ್‌ ಸ್ಟ್ಯಾಂಡಿನ ಕಂಬ ಹಿಡಿದು ಎರಡು ಗಂಟೆ ನಿಂತದ್ದನ್ನು ನಾನೇ ನೋಡಿದ್ದೇನೆ. ಆ ಸುತ್ತಿನಿಂದ ಉಯ್ಯಂಬಳ್ಳಿಯವರೆಗೆ ಇಂಥವರು ಏಳು ಜನ ಇದ್ದರು. ಅವರಿಗೊಂದು ವ್ಯಾನು ಬೇಕು ಎಂದು ನಾನು ಮತ್ತು ನಸ್ರೀನ್ ಪಟ್ಟು ಹಿಡಿದೆವು.

ಅಷ್ಟರಲ್ಲಿ ರಾಮನಗರದ ಬೆಟ್ಟಗಳಲ್ಲಿ ಒಂದು ಮ್ಯಾರಥಾನ್ ನಡೆಯುವುದು ತಿಳಿಯಿತು. ನಲವತ್ತೆರಡು ಕಿಲೋಮೀಟರ್, ಅದೂ ಟಾರು ರಸ್ತೆಯಲ್ಲಲ್ಲ, ಬಂಡೆ ಹತ್ತಿ, ಪೊದೆ ನುಗ್ಗಿ, ಇಳಿಜಾರು ಇಳಿದು. ನಾವಿಬ್ಬರೂ ಓಡಿ ಮುಗಿಸಿದರೆ ವ್ಯಾನಿಗೆ ಸಹಾಯ ಮಾಡುತ್ತೇವೆ ಎಂದು ಚನ್ನಪಟ್ಟಣದ ಬೊಂಬೆ ಅಂಗಡಿಯವರು, ರಾಮನಗರದ ರೇಷ್ಮೆ ನೂಲು ತೆಗೆಯುವವರು, ನಮ್ಮ ಹಳೇ ವಿದ್ಯಾರ್ಥಿಗಳು ಒಪ್ಪಿದರು. ನಸ್ರೀನಳ ಅಪ್ಪ ಮಾತ್ರ, 'ಬರೀ ಓಡಿದ್ರೆ ಸಾಲ್ದು ಮಗಳೇ, ಮುಗಿಸ್ಬೇಕು. ಅರ್ಧ ಕಡೆದ ಬೊಂಬೆ ಯಾರೂ ಕೊಳ್ಳಲ್ಲ' ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಆರು ತಿಂಗಳು ತಯಾರಿ. ಮೊದಲ ತಿಂಗಳು ಮೂರು ಕಿಲೋಮೀಟರಿಗೇ ನಾನು ರಸ್ತೆ ಬದಿ ಕೂತು ವಾಂತಿ ಮಾಡಿದೆ. ಆಮೇಲೆ ಎರಡು ಕಾಲುಗುರು ಕಪ್ಪಾಗಿ ಉದುರಿದವು. ಬೆಲ್ಲ, ಉಪ್ಪು, ನಿಂಬೆರಸ ಕದಡಿದ ನೀರು, ಹುರಿದ ಕಡಲೆಕಾಯಿ, ರಾತ್ರಿ ರಾಗಿಮುದ್ದೆ, ಇದೇ ನಮ್ಮ ಆಹಾರ. ಒಂದು ಭಾನುವಾರ ಮಾಗಡಿಯಲ್ಲಿರುವ ನಮ್ಮಣ್ಣನ ಮನೆಗೆ ಹೋದವಳು ಊಟಕ್ಕೆ ಮೊದಲು ಅಲ್ಲಿನ ಬೆಟ್ಟ ಹತ್ತಿ ಇಳಿದು ಬಂದೆ. ಅಣ್ಣ ತಟ್ಟೆ ಮುಂದೆ ಕೂತು ಒಂದು ಗಂಟೆ ಮುಖ ಊದಿಸಿಕೊಂಡಿದ್ದ. ಊರಿನಲ್ಲೂ ಮಾತಿಗೆ ಬರವಿರಲಿಲ್ಲ. ಟೀ ಅಂಗಡಿಯವರು ದಿನಾ ಕೇಳುತ್ತಿದ್ದರು, 'ಏನ್ ಮೇಡಮ್ಮೋರೆ, ಯಾರಾದ್ರೂ ಅಟ್ಟಿಸ್ಕಂಡ್ ಬತ್ತಾವ್ರಾ?'

'ಬತ್ತಾವ್ರೆ ಅಣ್ಣ,' ಎಂದಳು ನಸ್ರೀನ್ ಒಂದು ದಿನ, ನಿಲ್ಲದೆ. 'ನಿಮ್ಮ ಟೀ ಕುಡಿದೋರು.'

ನಮಗೆ ದಾರಿ ಹೇಳಿಕೊಟ್ಟವರು ಬೀರಣ್ಣ. ಆಸ್ಪತ್ರೆಯ ಚೀಟಿಯ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಬೆಟ್ಟವನ್ನು ಬರೆದು, ಎಲ್ಲಿ ಏರು, ಎಲ್ಲಿ ಜಾರು, ಎಲ್ಲಿ ಕರಡಿ ಹುತ್ತ ಕೆದಕುತ್ತದೆ ಎಂದೆಲ್ಲ ಗುರುತು ಹಾಕಿದ್ದರು. ಇಳಿಯುವುದನ್ನು ಕಲಿಸಿದವರೂ ಅವರೇ. 'ಕುರಿ ಇಳಿಯೋದು ನೋಡಿದ್ದೀಯಾ ಮೇಷ್ಟ್ರಮ್ಮ? ನೆಟ್ಟಗೆ ಇಳಿಯಾಕಿಲ್ಲ. ಅಡ್ಡಡ್ಡ ಇಳೀತದೆ. ನೀನೂ ಮಂಡಿ ಒಸಿ ಮಡಿಸ್ಕಂಡು ಅಂಗೇ ಇಳಿ.' ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದವರು ಲೋಕದಲ್ಲಿ ಅವರೊಬ್ಬರೇ. ಜಗಲಿಯಿಂದ ಕರೆಯುವಾಗ ಕೊನೆಯನ್ನು ಎಳೆದು 'ಮೇಷ್ಟ್ರಮ್ಮೋ' ಎನ್ನುತ್ತಿದ್ದರು. ಕರೆದರೂ ಆ ದನಿ ರಸ್ತೆ ದಾಟಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಸವೆದುಹೋಗಿರುತ್ತಿತ್ತು. ನಾನು ಆ ಊರಿಗೆ ಬರುವ ಮೊದಲೇ ಅವರು ಕಾಯಿಲೆ ಬಿದ್ದಿದ್ದರಿಂದ, ಗಟ್ಟಿಯಾಗಿ ಕೂಗಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಇದನ್ನು ನೆನಪಿನಲ್ಲಿಡಿ.

ನಮ್ಮ ದಾರಿಯಲ್ಲಿ ಒಂದು ದೊಡ್ಡ ಏರು ಇತ್ತು. ಏರು ಮುಗಿದಲ್ಲಿ ಎಡಕ್ಕೆ ಸಾಲಾಗಿ ಮೂರು ಗುಂಡುಗಳು, ಆಳೆತ್ತರಕ್ಕಿಂತ ದೊಡ್ಡ ಬಂಡೆಗಳು. ಅಲ್ಲಿಗೆ ಬರುವ ಹೊತ್ತಿಗೆ ಉಸಿರು ಕಿತ್ತುಬರುತ್ತಿದ್ದರಿಂದ, ನಿಲ್ಲದಿರಲೆಂದು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಒಂದೊಂದು ಗುಂಡನ್ನೂ ಎಣಿಸುವುದು. ಒಂದು, ಎರಡು, ಮೂರು ಎಂದರೆ ಏರು ಮುಗಿಯಿತು, ಇಳಿಜಾರು ಶುರು. ಕಣ್ಣು ಅರ್ಧ ಮುಚ್ಚಿದ್ದರೂ ಎಣಿಕೆ ನಡೆಯುತ್ತಿತ್ತು.

ಆ ಶನಿವಾರ ಬೆಳಗಿನ ಶಾಲೆ. ಎಂಟಕ್ಕೆ ಪ್ರಾರ್ಥನೆ. ಉದ್ದದ ಓಟ ಮುಗಿಸಬೇಕಾದರೆ ಐದಕ್ಕೆ ಮೊದಲೇ ಹೊರಡಬೇಕು. ಹೊಲದಲ್ಲಿ ರಾಗಿ ಇರುವಷ್ಟು ದಿನ ಬೆಳಕು ಹರಿಯದೆ ಆ ಕಡೆ ಹೋಗಬೇಡಿ ಎಂದು ಅರಣ್ಯ ಇಲಾಖೆಯ ವಾಚರ್ ಎರಡು ಸಲ ಹೇಳಿದ್ದರು. ಅಲ್ಲಿನ ಹೊಲಗಳಲ್ಲಿ ಕೊಯ್ಲಾಗಿತ್ತು, ಇನ್ನೇನು ಎಂದುಕೊಂಡು ಹೊರಟೆವು. ತಪ್ಪು ನಮ್ಮದೇ. ಇದನ್ನು ಯಾರ ಮೇಲೂ ಹಾಕುವುದಿಲ್ಲ.

ಅದಕ್ಕೆ ಎರಡು ದಿನ ಮೊದಲು ಇನ್ನೊಂದು ನಡೆದಿತ್ತು. ನಮ್ಮ ದಾರಿ ಸರಿಯಿದೆಯೋ ನೋಡುತ್ತೇನೆಂದು ಬೀರಣ್ಣ ಕೋಲೂರಿಕೊಂಡು ಬೆಟ್ಟದ ಬುಡದವರೆಗೆ ಹೋಗಿ ಕುಸಿದು ಕೂತಿದ್ದರು. ನಾನು ಅವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಅವರು ನಗುತ್ತ, 'ಬೆಟ್ಟ ನನ್ನ ಮರ್ತೋಗ್ಬುಟ್ರೆ ಎಂಗವ್ವ' ಎಂದಿದ್ದರು.

ಐದು ಗಂಟೆಯಿಂದಲೇ ಮಂಜು. ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹೊಡೆಯುತ್ತಿದ್ದುದರಿಂದ, ಏರಿನ ಕೊನೆಗೆ ಬಂದಾಗ ಆರಿಸಿದೆ. ಬೂದಿ ಬಣ್ಣದ ಬೆಳಕು ಆಗಲೇ ಒಸರುತ್ತಿತ್ತು. ನಸ್ರೀನ್ ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ. ನಾನು ಕೈ ಎತ್ತಿ ಗಡಿಯಾರ ನೋಡಿದೆ. ನೋಡುತ್ತಲೇ ಮಂಜಿನಲ್ಲಿ ಮುಂದೆ ಕಂಡ ಗುಂಡುಗಳನ್ನು ಅಭ್ಯಾಸದಂತೆ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

ನಾಲ್ಕು ಎಂದಾಗ ನನಗೆ ಏನನ್ನಿಸಿತು ಗೊತ್ತೇ? ಎಣಿಕೆ ತಪ್ಪಿದೆ ಎನ್ನಿಸಿತು. ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕಪ್ಪಗೆ, ಗುಡ್ಡೆಯಾಗಿ ಕಾಣುವುದೆಲ್ಲ ಬಂಡೆಯೇ. ಮನೆಯ ಹಿಂದೆ ಬಂಡೆ, ಶಾಲೆಯ ಮುಂದೆ ಬಂಡೆ, ಬಸ್ಸಿನ ಕಿಟಕಿಯಲ್ಲಿ ಬಂಡೆ. ಬಂಡೆಯನ್ನು ಕಂಡು ಹೆದರುವ ಅಭ್ಯಾಸವೇ ನಮಗಿಲ್ಲ. ಬೇರೆ ಊರಿನವರಾಗಿದ್ದರೆ ಒಂದು ಕ್ಷಣ ನಿಂತು ನೋಡುತ್ತಿದ್ದರೇನೋ. ನಾನು ಓಡುತ್ತಲೇ ಇದ್ದೆ, ಇಳಿಜಾರಿಗೆ ಹೆಜ್ಜೆ ಬಿರುಸು ಮಾಡಲು ಮೈ ಮುಂದಕ್ಕೆ ಬಾಗಿಸಿದ್ದೆ.

ಆಗ ಕೂಗು ಕೇಳಿತು.

'ಮೇಷ್ಟ್ರಮ್.'

ಮೇಲಿನಿಂದ, ಗಟ್ಟಿಯಾಗಿ, ಕೊನೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಎಳೆತವಿಲ್ಲ. ಒಂದೇ ಸಲ.

ನಾನು ಗಕ್ಕನೆ ನಿಂತೆ. ಹೆದರಿ ನಿಂತದ್ದಲ್ಲ, ಸಿಟ್ಟು ಬಂದು ನಿಂತೆ. ಈ ಮನುಷ್ಯ ಈ ಚಳಿಯಲ್ಲಿ ಮತ್ತೆ ಬೆಟ್ಟ ಹತ್ತಿದ್ದಾರಲ್ಲ ಎಂದು ಮೈ ಉರಿಯಿತು. 'ನಿಮಗೆ ಬುದ್ಧಿ ಇಲ್ವಾ' ಎಂದು ಕೂಗಲು ಬಾಯಿ ತೆರೆದೆ. ತೆರೆದ ಬಾಯಿಗೆ ಒಂದು ವಾಸನೆ ಬಂತು, ನೆನೆದ ಹುಲ್ಲು ಮತ್ತು ಲದ್ದಿ ಬೆರೆತ ಬಿಸಿ ವಾಸನೆ. ನಾಲ್ಕನೆಯ ಗುಂಡು ಕಿವಿ ಬೀಸಿತು.

ಆಮೇಲೆ ಹಗಲಲ್ಲಿ ಹೋಗಿ ಅಳೆದಿದ್ದೇನೆ. ನನಗೂ ಅದಕ್ಕೂ ನಡುವೆ ಹದಿನಾಲ್ಕು ಹೆಜ್ಜೆ. ನಾನು ನಿಲ್ಲದೆ ಇದ್ದಿದ್ದರೆ ಆ ಇಳಿಜಾರಿನ ಬಿರುಸಿಗೆ ನಾಲ್ಕೈದು ಸೆಕೆಂಡಿನ ದಾರಿ.

ಒಂಟಿ ಸಲಗ. ಒಂದು ದಂತ ಮಾತ್ರ ಮಂಜಿನಲ್ಲಿ ಬೆಳ್ಳಗೆ ಕಂಡಿತು. ಹೊಟ್ಟೆಯೊಳಗಿನಿಂದ ಬರುವ ಗುಡುಗುಟ್ಟುವ ಸದ್ದು ನನ್ನ ಎದೆಗೂಡಿನಲ್ಲಿ ಕೇಳುತ್ತಿತ್ತು. ನಸ್ರೀನ್ ಹಿಂದಿನಿಂದ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಓಡಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆರು ತಿಂಗಳು ಓಡು, ಓಡು ಎಂದು ಕಲಿಸಿದ ಕಾಲುಗಳಿಗೆ ಈಗ ನಿಲ್ಲು ಎಂದರೆ ಹೇಗೆ ಕೇಳುತ್ತವೆ? ಆನೆ ಎರಡು ಹೆಜ್ಜೆ ನಮ್ಮ ಕಡೆಗೆ ಬಂದು ಸೊಂಡಿಲಿನಿಂದ ಮಣ್ಣು ಎರಚಿತು. ಮಣ್ಣು ನನ್ನ ತೆರೆದ ಬಾಯಿಗೆ ಬಿತ್ತು. ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತೆವೋ ತಿಳಿಯದು. ಕೊನೆಗೆ ಅದು ತಲೆ ತಿರುಗಿಸಿ, ಮೂರನೆಯ ಗುಂಡಿಗೆ ಮೈ ಉಜ್ಜಿಕೊಂಡು, ಕಾಡಿನ ಕಡೆಯ ಇಳಿಜಾರಿಗೆ ಇಳಿಯಿತು. ಅಷ್ಟು ದೊಡ್ಡ ಪ್ರಾಣಿಯ ಹೆಜ್ಜೆಗೆ ಸದ್ದೇ ಇರಲಿಲ್ಲ.

ನಸ್ರೀನ್ ಕುಸಿದು ಕೂತಳು. ಅವಳಾಡಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ. 'ಬೀರಣ್ಣ ಸಿಕ್ಕಿದ್ರೆ ಬೈಬೇಡ ಅಕ್ಕ. ನಾನು ಒಂದು ಸಲಾಂ ಹೊಡೀತೀನಿ. ಆಮೇಲೆ ಬೇಕಾದ್ರೆ ಬೈಕೋ.'

ಅಂದರೆ ಅವಳಿಗೂ ಕೇಳಿಸಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಎಷ್ಟೋ ಜನ ಇದು ದಣಿದ ಮೆದುಳಿನ ಆಟ ಎಂದರು. ಎರಡು ಮೆದುಳು ಒಂದೇ ಕ್ಷಣಕ್ಕೆ ಒಂದೇ ಆಟ ಆಡುವುದಾದರೆ ಅದಕ್ಕೂ ಕಾರಣ ಕೊಡಬೇಕಾಗುತ್ತದೆ. ಆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಮಾತು ಏನೆಂದು ಅವಳಿಗೆ ತಿಳಿಯಲಿಲ್ಲವಂತೆ, ಒಂದು ಗಂಡು ದನಿ ಮೊಟಕಾಗಿ ಕೂಗಿದ್ದು ಮಾತ್ರ ಕೇಳಿಸಿತಂತೆ. ಬೀರಣ್ಣನೇ ಎಂದು ಹೇಗೆ ಅನ್ನಿಸಿತು ಎಂದರೆ, 'ಅನ್ನಿಸ್ತು ಅಷ್ಟೇ' ಎನ್ನುತ್ತಾಳೆ. ಕೂಗು ಎಡಗಡೆಯಿಂದ ಬಂತು ಎಂದು ನಾನು, ಹಿಂದಿನಿಂದ ಬಂತು ಎಂದು ಅವಳು. ಈ ಜಗಳ ಇವತ್ತಿಗೂ ಮುಗಿದಿಲ್ಲ.

ನಮಗೆ ಆಗ ಹೊಸ ಭಯ ಹಿಡಿಯಿತು. ಬೀರಣ್ಣ ಮೇಲೆಲ್ಲೋ ಇದ್ದಾರೆ, ಆನೆಯೂ ಆ ಸುತ್ತಿನಲ್ಲೇ ಇದೆ. ಇಬ್ಬರೂ ಕಲ್ಲು ಹಿಡಿದು ಎಡಗಡೆಯ ಗುಡ್ಡ ಹತ್ತಿದೆವು, ಕೂಗಿದೆವು, ಪೊದೆ ಸರಿಸಿ ನೋಡಿದೆವು. ಯಾರೂ ಇಲ್ಲ. ಹುಲ್ಲಿನ ಮೇಲಿನ ಇಬ್ಬನಿ ಎಲ್ಲೂ ಕದಡಿರಲಿಲ್ಲ. ಆರೂವರೆಗೆ ಬೆಳಕು ಹರಿದ ಮೇಲೆ ಊರಿಗೆ ಇಳಿದು, ಬೈಯಲೋ ಸಲಾಂ ಹೊಡೆಯಲೋ ಎಂದು ನೇರವಾಗಿ ಅವರ ಮನೆಗೇ ಹೋದೆವು. ಬಾಗಿಲಿಗೆ ಬೀಗ.

ಪಕ್ಕದ ಮನೆಯ ಹೆಂಗಸು ಸಗಣಿ ನೀರು ಹಾಕುತ್ತಿದ್ದವಳು ತಲೆ ಎತ್ತಿದಳು. 'ನಿಮ್ಗೆ ಗೊತ್ತಿಲ್ವಾ? ನಿನ್ನೆ ಬಸ್ಸು ಕೆಟ್ಟೋಗಿ ಮಷೀನ್‌ಗೆ ಓಗಾಕಾಗ್ಲಿಲ್ಲ. ರಾತ್ರಿ ಉಸ್ರು ಕಟ್ಬುಡ್ತು. ಗೂಡ್ಸ್ ಆಟೋದಲ್ಲಿ ಆಕ್ಕಂಡು ಕನಕಪುರಕ್ಕೆ ಓದ್ರು.'

ನಾವು ಎಂಟೂವರೆಗೇ ಮಲಗಿದ್ದವರು, ಆಟೋದ ಸದ್ದು ಕೇಳಿರಲಿಲ್ಲ.

ಅವತ್ತು ನಾನು ಪಾಠ ಮಾಡಿದೆ. ಏನು ಮಾಡಿದೆ ಎಂದು ಕೇಳಬೇಡಿ. ಸೀಮೆಸುಣ್ಣ ಮೂರು ಸಲ ಮುರಿಯಿತು.

ಭಾನುವಾರ ಕನಕಪುರದ ಆಸ್ಪತ್ರೆಗೆ ಹೋದೆವು. ಬೀರಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿ ಕೆಂಪಮ್ಮ ಪಕ್ಕದಲ್ಲಿ ಸೇಬು ಹೆಚ್ಚುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೆಂಪಮ್ಮ, 'ಎಂಗೆ ಕೂಗ್ತು? ಒಸಿ ಕೂಗಿ ತೋರ್ಸವ್ವ' ಎಂದರು. ವಾರ್ಡಿನಲ್ಲಿ ಜನರಿದ್ದುದರಿಂದ ಮೆಲ್ಲಗೆ, ಕೊನೆ ಕತ್ತರಿಸಿ, ಕೇಳಿದ ಹಾಗೇ ಮಾಡಿ ತೋರಿಸಿದೆ. ಅವರ ಚಾಕು ಸೇಬಿನಲ್ಲೇ ನಿಂತಿತು.

'ಅದನ್ನ ನಿಂಗ್ಯಾರು ಏಳ್ಕೊಟ್ರು?'

ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಅವರೇ ವಿವರಿಸಿದರು. ಕುರಿ ಕಾಯುವವರು ಬೆಟ್ಟದಲ್ಲಿ ಒಬ್ಬರನ್ನೊಬ್ಬರು ಕೂಗುವುದರಲ್ಲಿ ಎರಡು ಬಗೆಯಿದೆ. ಕೊನೆ ಎಳೆದು ಕೂಗಿದರೆ ಬಾ ಎಂದು. ಕೊನೆ ಕಚ್ಚಿ ಮೊಟಕಾಗಿ ಕೂಗಿದರೆ ಇದ್ದಲ್ಲೇ ನಿಲ್ಲು, ಓಗೊಡಬೇಡ, ಮುಂದೆ ಆನೆಯೋ ಕರಡಿಯೋ ಇದೆ ಎಂದು. ಮೊಟಕು ಕೂಗನ್ನು ಎರಡನೇ ಸಲ ಕೂಗುವುದಿಲ್ಲ. ಕುರಿ ಮಾರಿದ ಮೇಲೆ, ಐದು ವರ್ಷದಿಂದ, ಆ ಕೂಗನ್ನು ಗಂಡನ ಬಾಯಲ್ಲಿ ಕೆಂಪಮ್ಮನೂ ಕೇಳಿರಲಿಲ್ಲ.

ಬೀರಣ್ಣ ಮಾತ್ರ ನಕ್ಕರು. ಅದೇ ಸೋತ ದನಿ. 'ನಾನೆಲ್ಲಿ ಬರ್ಲವ್ವ ಅಲ್ಗೆ, ಎರಡು ಸೂಜಿ ಚುಚ್ಕಂಡು ನಳಿಕೆ ಎಳ್ಕಂಡು? ಬಂದಿದ್ರೆ ಬಸ್‌ಚಾರ್ಜು ಯಾರು ಕೊಡೋರು?' ಆಮೇಲೆ ಹೇಳಿದರು, 'ಕೂಗ್ದೋನು ಯಾವನಾನಾ ಆಗ್ಲಿ. ನಿಂತ್ಕಂಡಲ್ಲ. ಅದು ದೊಡ್ಡದು. ನೀನು ಯೋಳಿದ್ದು ಕೇಳೋಳಲ್ಲ.'

ನಾನು ನರ್ಸ್ ಹತ್ತಿರ ಹೋಗಿ ಅವತ್ತಿನ ಹಾಳೆ ತೋರಿಸಿ ಎಂದು ಕೇಳಿದೆ. ಬೀರಣ್ಣ ಆಗಲಿ ಎಂದ ಮೇಲೆ ತೋರಿಸಿದರು. ರಾತ್ರಿಯೇ ಮಷೀನಿಗೆ ಹಾಕಿದ್ದರು. ಅರ್ಧ ಗಂಟೆಗೊಮ್ಮೆ ರಕ್ತದೊತ್ತಡ ಬರೆದಿದ್ದರು. ಐದೂವರೆ ಮತ್ತು ಆರರ ನಡುವೆ ಒಂದು ಹೆಚ್ಚಿನ ಸಾಲು. ಐದು ನಲವತ್ತು, ಒತ್ತಡ ಬಿದ್ದಿದೆ, ಎಚ್ಚರವಿಲ್ಲ, ಸಲೈನ್ ಕೊಟ್ಟಿದೆ. ಐದು ಐವತ್ತೈದಕ್ಕೆ ಎಚ್ಚರ. ಆಗ ಏನಾದರೂ ಕೂಗಿದರೇ ಎಂದು ಕೇಳಿದೆ. ಕೈತುಂಬ ಕೆಲಸವಿತ್ತು, ಗಮನಿಸಲಿಲ್ಲ ಎಂದರು ನರ್ಸ್. ಕೆಂಪಮ್ಮ ಬಾಗಿಲ ಹೊರಗಿದ್ದರು, ಅವರಿಗೆ ಏನೂ ಕೇಳಿಸಿರಲಿಲ್ಲ. ಬೀರಣ್ಣನಿಗೆ ನೆನಪಿದ್ದದ್ದು ಒಂದೇ, ಬಲು ಚಳಿಯಾಯಿತು ಎಂದು. ಅಲ್ಲಿನ ಗೋಡೆ ಗಡಿಯಾರಕ್ಕೂ ನನ್ನ ಕೈಗಡಿಯಾರಕ್ಕೂ ಮೂರು ನಿಮಿಷ ವ್ಯತ್ಯಾಸವಿತ್ತು. ಅದನ್ನೂ ನೋಡಿ ಬಂದೆ. ಎರಡು ಹೊತ್ತೂ ಒಂದೇ ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಅಂದಿನಿಂದ ನಿದ್ದೆ ಹಾರಿಹೋಯಿತು. ಮಲಗಿದರೆ ಕಿವಿ ಮಲಗುತ್ತಿರಲಿಲ್ಲ. ಎರಡು ಗಂಟೆಗೆ, ಮೂರಕ್ಕೆ, ನಾಲ್ಕಕ್ಕೆ ಎದ್ದು ಕೂತು ಕೇಳುತ್ತಿದ್ದೆ. ಕತ್ತಲಲ್ಲಿ ಬೀರುವಿನ ಗುಡ್ಡೆ, ಮಡಿಸಿಟ್ಟ ಹಾಸಿಗೆಯ ಗುಡ್ಡೆ, ಎಲ್ಲವನ್ನೂ ಎಣಿಸುತ್ತಿದ್ದೆ. ಹದಿನಾಲ್ಕು ಹೆಜ್ಜೆಯನ್ನು ನಾನು ನಿಲ್ಲದೆ ಓಡಿಬಿಡುವುದನ್ನು ಎಷ್ಟು ಸಲ ಕಂಡೆನೋ ಲೆಕ್ಕವಿಲ್ಲ.

ಸುದ್ದಿ ಹರಡಿತು. ಮಾಗಡಿಯಿಂದ ಅಣ್ಣ ಫೋನ್ ಮಾಡಿ, 'ದಾನಧರ್ಮಕ್ಕೆ ಪ್ರಾಣ ಕೊಡಬೇಕಾಗಿಲ್ಲ, ಬಿಟ್ಬಿಡು' ಎಂದ. ನಮ್ಮ ಹೆಡ್‌ಮಾಸ್ಟರ್ ಕರೆದು, ಬೆಟ್ಟದ ದೇವರಿಗೆ ಒಂದು ಪೂಜೆ ಮಾಡಿಸಿ ಓಟ ಕೈಬಿಡಿ ಎಂದರು. ಕ್ಯಾಮೆರಾ ಹಿಡಿದ ಒಬ್ಬರು ಮನೆಗೇ ಬಂದು, ಆ ಮೂರು ಗುಂಡಿನ ಮುಂದೆ ನಿಂತು ಕಣ್ಣೀರು ಹಾಕುತ್ತ ಹೇಳಿದರೆ ಚೆನ್ನಾಗಿರುತ್ತದೆ ಎಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ, ಕಣ್ಣೀರು ಕೊಡಲಿಲ್ಲ. ಇನ್ನೊಂದು ಕಡೆ, ನನ್ನ ಹಾಗೇ ಓದಿದ ಗೆಳತಿಯರು ಇದು ಭ್ರಮೆ ಎಂದು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು. ನನಗೆ ಎರಡೂ ಗುಂಪಿನ ಮೇಲೆ ಒಂದೇ ಸಮ ಸಿಟ್ಟು ಬಂತು. ಪೂಜೆ ಮಾಡಿಸು ಎನ್ನುವವರೂ ಆ ಜಾಗಕ್ಕೆ ಹೋಗಿ ನೋಡಲಿಲ್ಲ, ಭ್ರಮೆ ಎನ್ನುವವರೂ ಹೋಗಿ ನೋಡಲಿಲ್ಲ.

ನಾನು ಹೋದೆ. ಮುಂದಿನ ಶನಿವಾರ, ಶಾಲೆ ಬಿಟ್ಟ ಮೇಲೆ, ಸುಡುವ ಬಿಸಿಲಿನಲ್ಲಿ, ವಾಚರ್ ಜೊತೆಗೆ. ಮೂರು ಗುಂಡುಗಳನ್ನೂ ಎಣಿಸಿದೆ, ಒಂದೊಂದಕ್ಕೂ ಅಂಗೈಯಿಂದ ಬಡಿದೆ. ಮೂರನೆಯದರ ಮೇಲೆ ಒಣಗಿದ ಮಣ್ಣಿನ ಉಜ್ಜು ನನ್ನ ತಲೆಗಿಂತ ಎತ್ತರದಲ್ಲಿತ್ತು. ನಸ್ರೀನಳನ್ನು ಸುತ್ತಲಿನ ಒಂದೊಂದು ದಿಬ್ಬಕ್ಕೂ ಕಳಿಸಿ ಕೂಗಿಸಿದೆ. ನಾನು ಅದೇ ಜಾಗದಲ್ಲಿ ನೋಟ್‌ಬುಕ್ ಹಿಡಿದು ನಿಂತು ಬರೆದುಕೊಂಡೆ. ಎಡಗಡೆಯ ದಿಬ್ಬದಿಂದ ಕೂಗಿದರೆ ಗುಂಡುಗಳು ಅಡ್ಡ ಬಂದು ದನಿ ಒಡೆಯುತ್ತಿತ್ತು. ಊರಿನಿಂದ ಬರುವ ದನಿಯಂತೂ ಸಾಧ್ಯವೇ ಇಲ್ಲ. ಅಟ್ಟಣೆ ಹಾಕಿ ರಾಗಿ ಕಾಯುವವರನ್ನು ಒಬ್ಬೊಬ್ಬರಾಗಿ ಕೇಳಿದೆ. ಆ ದಿಕ್ಕಿನಲ್ಲಿ ಕೊಯ್ಲು ಮುಗಿದು ವಾರವಾಗಿತ್ತು, ಯಾರೂ ಇರಲಿಲ್ಲ. ಬೇರೆ ಕುರಿಗಾಹಿಗಳೂ ಆ ಹೊತ್ತಿಗೆ ಹಟ್ಟಿ ಬಿಟ್ಟಿರಲಿಲ್ಲ. ಇದ್ದಿದ್ದರೂ ಅವರು ನನ್ನನ್ನು ಮೇಡಮ್ ಎನ್ನುವವರು.

ಓಟ ಬಿಡುವ ಮಾತೇ ಇರಲಿಲ್ಲ. ಆ ಶುಕ್ರವಾರ ವ್ಯಾನೊಂದು ಇದ್ದಿದ್ದರೆ ಬೀರಣ್ಣನ ಉಸಿರು ಕಟ್ಟುತ್ತಲೇ ಇರಲಿಲ್ಲ. ಕೆಟ್ಟು ನಿಂತ ಬಸ್ಸಿಗಿಂತ ದೊಡ್ಡ ದೆವ್ವ ನನಗೆ ಆ ಬೆಟ್ಟದಲ್ಲಿ ಕಾಣಲಿಲ್ಲ. ಇನ್ನು ಮುಂದೆ ಬೆಳಕು ಹರಿದ ಮೇಲೇ ಓಡುತ್ತೇವೆ ಎಂದು ವಾಚರ್‌ಗೆ ಮಾತು ಕೊಟ್ಟೆವು. ಶಾಲೆಗೆ ತಡವಾದ ದಿನ ರಜೆ ಬರೆದುಕೊಳ್ಳಿ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಬರೆದೂ ಬರೆದುಕೊಂಡರು.

ಓಟದ ದಿನ ರಾಮನಗರದಲ್ಲಿ ಐದೂವರೆಗೆ ಬಿಟ್ಟರು. ನೂರಾರು ಜನರ ನಡುವೆ ಓಡುತ್ತಿದ್ದೆ. ಹಿಂದೆ ಯಾರೋ ತಮ್ಮ ಜೊತೆಯವನನ್ನು 'ಲೇ' ಎಂದು ಮೊಟಕಾಗಿ ಕೂಗಿದರು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಹಿಂದಿದ್ದ ಇಬ್ಬರು ನನಗೆ ಡಿಕ್ಕಿ ಹೊಡೆದು, 'ದಾರೀಲಿ ನಿಂತ್ಕೊಂಡ್ರೆ ಎಂಗ್ರೀ' ಎಂದು ಬೈದು ಹೋದರು. ನಾನು ಸುತ್ತ ನೋಡಿದೆ. ಎಲ್ಲ ಕಡೆ ಬಂಡೆ. ಎಣಿಸಲು ಹೋದರೆ ಸಂಜೆಯಾಗುತ್ತಿತ್ತು. ನಸ್ರೀನ್ ಕೈ ಹಿಡಿದು ಎಳೆದಳು. 'ಅರ್ಧ ಕಡೆದ ಬೊಂಬೆ' ಎಂದಳು ಅಷ್ಟೇ. ಓಡಿದೆ. ಇಳಿಜಾರುಗಳಲ್ಲಿ ಕುರಿಯ ಹಾಗೆ ಅಡ್ಡಡ್ಡ ಇಳಿದೆ. ಮೂವತ್ತನೇ ಕಿಲೋಮೀಟರಿನಲ್ಲಿ ಅತ್ತೆ, ಅತ್ತುಕೊಂಡೇ ಓಡಿದೆ. ಮಧ್ಯಾಹ್ನ ಒಂದೂವರೆಗೆ, ನಿಗದಿಯ ಹೊತ್ತು ಮುಗಿಯಲು ಸ್ವಲ್ಪವೇ ಉಳಿದಿದ್ದಾಗ, ಕೊನೆಯವರ ಗುಂಪಿನಲ್ಲಿ ಇಬ್ಬರೂ ಗೆರೆ ದಾಟಿದೆವು. ನಸ್ರೀನಳ ಅಪ್ಪ ಬಣ್ಣದ ಬೆರಳುಗಳಿಂದ ನಮ್ಮಿಬ್ಬರ ತಲೆ ಸವರಿದರು.

ಅಂದು ರಾತ್ರಿಯಾದರೂ ನಿದ್ದೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಮೈಯೆಲ್ಲ ಸತ್ತಂತಿದ್ದರೂ ಮೂರಕ್ಕೆ ಎದ್ದು ಕೂತು ಕಿವಿ ಕೊಟ್ಟೆ. ಮುಂದಿನ ಎರಡು ತಿಂಗಳೂ ಹಾಗೇ ಹೋಯಿತು.

ಒಪ್ಪಿದವರೆಲ್ಲ ಮಾತು ಉಳಿಸಿಕೊಂಡರು. ವ್ಯಾನು ಬಂತು. ಸೋಮವಾರ ನಸುಕಿಗೆ ಮೊದಲ ಸವಾರಿ. ಉಯ್ಯಂಬಳ್ಳಿ ಕಡೆಯವರನ್ನು ಹತ್ತಿಸಿಕೊಂಡು ಐದಕ್ಕೆ ಬೀರಣ್ಣನ ಮನೆಯ ಮುಂದೆ ಬರುವುದೆಂದು ಗೊತ್ತಾಗಿತ್ತು. ಭಾನುವಾರ ರಾತ್ರಿ ನಾನು ವ್ಯಾನಿಗೆ ಹಾಕಲು ಹಾರ ತಂದು ನೀರು ಚಿಮುಕಿಸಿ ಪಾತ್ರೆಯಲ್ಲಿ ಇಟ್ಟೆ. ಹೇಗೂ ಎಚ್ಚರವಾಗಿ ಇರುತ್ತೇನಲ್ಲ ಎಂದು ಅಲಾರಂ ಕೂಡ ಇಡಲಿಲ್ಲ. ಸುಮ್ಮನೆ ಬೆನ್ನು ಚಾಚಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಗಡಿಯಾರದಲ್ಲಿ ಏಳೂ ಇಪ್ಪತ್ತು. ಹಾರ ಪಾತ್ರೆಯಲ್ಲಿ ಇರಲಿಲ್ಲ. ನಸ್ರೀನ್ ಬಾಗಿಲಲ್ಲಿ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದಳು.

'ನಾನೇ ಹಾಕ್ದೆ ಅಕ್ಕ,' ಎಂದಳು. 'ಡ್ರೈವರ್ ಮೂರು ಸಲ ಹಾರ್ನ್ ಹೊಡೆದ್ರು. ನಿನ್ನ ಅಲ್ಲಾಡಿಸ್ದೆ, ಏಳ್ಲಿಲ್ಲ. ಬೀರಣ್ಣ ವ್ಯಾನಿನ ಕಿಟಕಿ ಇಳಿಸಿ ಕೂಗಿದ್ರು, ನಿನ್ನನ್ನ ಮೇಷ್ಟ್ರಮ್ಮೋ ಅಂತ, ಮೈಯಲ್ಲಿರೋ ಶಕ್ತಿ ಎಲ್ಲ ಹಾಕಿ.'

ಆ ಕೂಗು ನನಗೆ ಕೇಳಿಸಲಿಲ್ಲ. ಎಂಟೂವರೆ ಗಂಟೆ ಕಾಲ ಕದಲದೆ ನಿದ್ದೆ ಮಾಡಿದ್ದೆ.